ಕ್ಷಮೆಗೆ ಚೀಟಿ ಉಂಟೇ?

ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸುತ್ತಿದ್ದ ಕಾಲದಲ್ಲಿ ಯುರೋಪಿನ ಮತಸುಧಾರಣೆಯ ಪಾಠ ಪ್ರತಿವರ್ಷವೂ ಬರುತ್ತಿತ್ತು. ಕಾರಣಗಳು, ಘಟನೆಗಳು, ಪರಿಣಾಮಗಳು ಎಂದು ಮೂರು ಭಾಗ ಮಾಡಿ ಕಪ್ಪುಹಲಗೆಯ ಮೇಲೆ ಬರೆದು ಮುಗಿಸುವುದು ನನ್ನ ಕ್ರಮ. ಕಾರಣಗಳ ಪಟ್ಟಿಯಲ್ಲಿ ಒಂದು ವಾಕ್ಯ ತಪ್ಪದೆ ಇರುತ್ತಿತ್ತು: ಚರ್ಚು ಹಣಕ್ಕೆ ಕ್ಷಮಾಪತ್ರಗಳನ್ನು ಮಾರಾಟ ಮಾಡುತ್ತಿತ್ತು. ಮಕ್ಕಳು ಅದನ್ನು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಒಪ್ಪಿಸುತ್ತಿದ್ದರು, ಒಂದು ಅಂಕ ಪಡೆಯುತ್ತಿದ್ದರು. 1974ರಲ್ಲಿ ಒಬ್ಬ ಹುಡುಗ ಮಾತ್ರ ಎದ್ದು ನಿಂತು, "ಸಾರ್, ಚೀಟಿ ತೆಗೆದುಕೊಂಡರೆ ಮಾಡಿದ ಪಾಪ ನಿಜವಾಗಿ ಹೋಗುತ್ತದೆಯೇ?" ಎಂದು ಕೇಳಿದ. ತರಗತಿ ನಕ್ಕಿತು. ನಾನು ನಗಲಿಲ್ಲ. "ಹೋಗುವುದಿಲ್ಲ, ಕೂತುಕೋ" ಎಂದೆ. "ಹಾಗಾದರೆ ಹೇಗೆ ಹೋಗುತ್ತದೆ ಸಾರ್?" ಎಂದು ಅವನು ಮತ್ತೆ ಕೇಳಿದಾಗ ಗಂಟೆ ಬಾರಿಸಿದ್ದು ನನ್ನ ಪುಣ್ಯ. ಆ ಪ್ರಶ್ನೆ ಅಂದು ನನ್ನನ್ನೇಕೆ ಅಷ್ಟು ಕಲಕಿತು ಎಂಬುದನ್ನು ಈ ಬರಹದ ಕೊನೆಯಲ್ಲಿ ಹೇಳುತ್ತೇನೆ. ಮೊದಲು ಅವನ ಪ್ರಶ್ನೆಗೆ ಇತಿಹಾಸ ಏನು ಉತ್ತರ ಕೊಡುತ್ತದೆಂದು ನೋಡೋಣ. ನಾನು ಕ್ರೈಸ್ತನಲ್ಲ, ಹೊರಗೆ ನಿಂತು ಓದಿದವನು. ಆದರೂ ತಪ್ಪಿ ನಡೆದ ಮನುಷ್ಯ ದೇವರ ಬಳಿಗೆ ಮರಳುವುದು ಹೇಗೆ ಎಂಬ ಈ ಪ್ರಶ್ನೆಯನ್ನು ಕ್ರೈಸ್ತಧರ್ಮ ಎರಡು ಸಾವಿರ ವರ್ಷ ಬಿಡದೆ ಕೇಳಿಕೊಂಡು ಬಂದ ರೀತಿ ನನ್ನನ್ನು ಬಹುಕಾಲದಿಂದ ಸೆಳೆದಿದೆ.

ಈ ಧರ್ಮದಲ್ಲಿ ಪಾಪವೆಂದರೆ ಕೇವಲ ನಿಯಮಭಂಗವಲ್ಲ, ಸಂಬಂಧದ ಭಂಗ. ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ಬರುವ ದಾರಿತಪ್ಪಿದ ಮಗನ ಕಥೆ ಎಲ್ಲರಿಗೂ ಗೊತ್ತಿರುವುದೇ. ಕಿರಿಯ ಮಗ ತಂದೆ ಬದುಕಿರುವಾಗಲೇ ತನ್ನ ಪಾಲಿನ ಆಸ್ತಿಯನ್ನು ಕೇಳಿ ಪಡೆದು, ದೂರದೇಶಕ್ಕೆ ಹೋಗಿ ಎಲ್ಲವನ್ನೂ ಕಳೆದುಕೊಂಡು, ಹಂದಿ ಮೇಯಿಸುವ ಕೆಲಸಕ್ಕೆ ಇಳಿಯುತ್ತಾನೆ. ಕೊನೆಗೆ ಕ್ಷಮೆ ಕೇಳುವ ಮಾತುಗಳನ್ನು ಮನಸ್ಸಿನಲ್ಲೇ ಹೊಂದಿಸಿಕೊಂಡು ಊರಿಗೆ ಹೊರಡುತ್ತಾನೆ. ತಂದೆ ಅವನನ್ನು ದೂರದಿಂದಲೇ ಕಂಡು ಓಡಿಹೋಗಿ ತಬ್ಬಿಕೊಳ್ಳುತ್ತಾನೆ. ಮಗ ಸಿದ್ಧಪಡಿಸಿಕೊಂಡ ಮಾತನ್ನು ಪೂರ್ತಿ ಹೇಳಲೂ ಬಿಡುವುದಿಲ್ಲ. ಕ್ರೈಸ್ತರ ನಂಬಿಕೆಯ ತಿರುಳು ಇಲ್ಲಿದೆ. ಕ್ಷಮೆ ಮನುಷ್ಯ ಸಂಪಾದಿಸುವ ಸಂಬಳವಲ್ಲ, ದೇವರು ಕೊಡುವ ಕೃಪೆ. ಆ ಕೃಪೆಗೆ ಬೆಲೆ ತೆತ್ತವನು ಶಿಲುಬೆಯ ಮೇಲಿನ ಕ್ರಿಸ್ತ. ಮನುಷ್ಯ ಮಾಡಬೇಕಾದದ್ದು ಮುಖ ತಿರುಗಿಸಿ ಮನೆಯ ಕಡೆಗೆ ನಡೆಯುವುದು. ಗ್ರೀಕಿನ 'ಮೆಟನೋಯಿಯ' ಎಂಬ ಮಾತಿಗೆ ಮನಸ್ಸು ಬದಲಾಗುವುದು ಎಂದೇ ಅರ್ಥ. ನಮ್ಮ ಕನ್ನಡ ಕ್ರೈಸ್ತರು ಪಶ್ಚಾತ್ತಾಪ ಎಂಬುದರ ಜೊತೆಗೆ 'ಮಾನಸಾಂತರ' ಎಂಬ ಸೊಗಸಾದ ಪದವನ್ನೂ ಬಳಸುತ್ತಾರೆ.

ಆದರೆ ಅದೇ ಲೂಕನ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಇನ್ನೊಬ್ಬ ಬರುತ್ತಾನೆ, ಜಕ್ಕಾಯನೆಂಬ ಸುಂಕದ ಅಧಿಕಾರಿ. ಗಿಡ್ಡ ದೇಹದವನಾದ್ದರಿಂದ ಯೇಸುವನ್ನು ನೋಡಲು ಮರವೇರಿದವನು. ಯೇಸು ಅವನ ಮನೆಗೇ ಅತಿಥಿಯಾಗಿ ಹೋದಾಗ ಅವನು ಬರಿದೆ ಕಣ್ಣೀರಿಡುವುದಿಲ್ಲ. ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಮೋಸದಿಂದ ಯಾರಿಂದಲಾದರೂ ಏನನ್ನಾದರೂ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುವುದಾಗಿಯೂ ಹೇಳುತ್ತಾನೆ. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಯೇಸುವಿನ ಬೋಧನೆ ಇನ್ನೂ ನೇರವಾಗಿದೆ. ಕಾಣಿಕೆ ಹಿಡಿದು ಯಜ್ಞವೇದಿಯ ಮುಂದೆ ನಿಂತಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ನೋವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ಅವನೊಡನೆ ಸಮಾಧಾನ ಮಾಡಿಕೊಂಡು ಬಾ ಎನ್ನುವುದು ಅದರ ತಾತ್ಪರ್ಯ. ದೇವರ ಕಡೆಗೆ ಹೋಗುವ ದಾರಿ ನೊಂದವನ ಮನೆಯ ಮುಂದಿನಿಂದಲೇ ಹಾದುಹೋಗುತ್ತದೆ ಎಂದಂತಾಯಿತು. ಕೃಪೆ ಉಚಿತ ಎಂಬುದೊಂದು ಮಾತು. ಮೊದಲು ಹೋಗಿ ನೊಂದವನೊಡನೆ ಸರಿಮಾಡಿಕೊ ಎಂಬುದು ಇನ್ನೊಂದು. ಈ ಎರಡರ ನಡುವಿನ ಎಳೆದಾಟವೇ ಮುಂದಿನ ಇತಿಹಾಸವೆಂದರೆ ತಪ್ಪಾಗದು.

ಈ ಎಳೆದಾಟ ಮೊದಲ ಬಾರಿಗೆ ದೊಡ್ಡ ಬಿಕ್ಕಟ್ಟಾಗಿ ಸ್ಫೋಟಿಸಿದ್ದು ಮೂರನೆಯ ಶತಮಾನದ ನಡುವಿನಲ್ಲಿ. ಕ್ರಿ.ಶ. 249ರಲ್ಲಿ ರೋಮಿನ ಸಿಂಹಾಸನವೇರಿದ ಡೇಸಿಯಸ್, ಸಾಮ್ರಾಜ್ಯದ ಪ್ರಜೆಗಳೆಲ್ಲ ರೋಮಿನ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞೆ ಹೊರಡಿಸಿದ. ಬಲಿ ಅರ್ಪಿಸಿದವರಿಗೆ ಅಧಿಕಾರಿಗಳು ಸಾಕ್ಷಿ ಸಹಿತ ಒಂದು ಪ್ರಮಾಣಪತ್ರ ಕೊಡುತ್ತಿದ್ದರು. ಈಜಿಪ್ಟಿನ ಒಣ ಮರಳಿನಲ್ಲಿ ಇಂತಹ ನಲವತ್ತಕ್ಕೂ ಹೆಚ್ಚು ಪಪೈರಸ್ ಪತ್ರಗಳು ಉಳಿದುಬಂದು ವಿದ್ವಾಂಸರ ಕೈಸೇರಿವೆ. ಒಪ್ಪದವರಿಗೆ ಸೆರೆಮನೆ, ಚಿತ್ರಹಿಂಸೆ, ಕೆಲವರಿಗೆ ಮರಣ. ಉತ್ತರ ಆಫ್ರಿಕದ ಕಾರ್ಥೇಜ್ ನಗರದಲ್ಲಿ ಕ್ರೈಸ್ತರು ಗುಂಪುಗುಂಪಾಗಿ ಹೋಗಿ ಬಲಿ ಅರ್ಪಿಸಿದರು. ಕೆಲವರು ಚಿಟಿಕೆ ಧೂಪ ಹಾಕಿ ಪಾರಾದರು. ಇನ್ನು ಕೆಲವರು ಬಲಿ ಕೊಡದೆಯೇ ಅಧಿಕಾರಿಗಳ ಕೈಬಿಸಿ ಮಾಡಿ ಚೀಟಿಯನ್ನು ಮಾತ್ರ ಕೊಂಡುಕೊಂಡರು. 251ರಲ್ಲಿ ಡೇಸಿಯಸ್ ಯುದ್ಧದಲ್ಲಿ ಸತ್ತ. ಅದಕ್ಕೆ ಮೊದಲೇ ಹಿಂಸೆಯ ಬಿಸಿ ತಗ್ಗಿತ್ತು. ಬಿದ್ದವರೆಲ್ಲ ಅಳುತ್ತ ಸಭೆಯ ಬಾಗಿಲಿಗೆ ಬಂದು ನಿಂತರು. ಇವರನ್ನು ಒಳಗೆ ಸೇರಿಸಬಹುದೇ?

ಉತ್ತರ ಹೇಳಬೇಕಾದವನು ಕಾರ್ಥೇಜಿನ ಬಿಷಪ್ ಸಿಪ್ರಿಯನ್. ಅವನ ಸ್ಥಿತಿಯಾದರೂ ಸುಲಭದ್ದಲ್ಲ. ಹಿಂಸೆ ಆರಂಭವಾದಾಗ ಅವನೇ ಊರು ಬಿಟ್ಟು ಅಡಗಿಕೊಂಡಿದ್ದ. ಪತ್ರಗಳ ಮೂಲಕವೇ ಸಭೆಯನ್ನು ನಡೆಸಿದ್ದ. ತಾನೇ ಓಡಿಹೋದವನು ಬಿದ್ದವರಿಗೆ ತೀರ್ಪು ಹೇಳುವುದೇ ಎಂಬ ಮಾತು ಊರಿನಲ್ಲಿ ಇತ್ತು. ಇದರ ನಡುವೆ ಇನ್ನೊಂದು ಚೀಟಿಯ ವ್ಯವಹಾರ ಆರಂಭವಾಯಿತು. ಸೆರೆಮನೆಯಲ್ಲಿ ಹಿಂಸೆ ಸಹಿಸಿ ನಂಬಿಕೆ ಉಳಿಸಿಕೊಂಡ ವೀರರು, ಬಿದ್ದವರಿಗೆ 'ಸಮಾಧಾನ ಪತ್ರ' ಬರೆದುಕೊಡತೊಡಗಿದರು. ಇವನನ್ನು ಸಭೆಗೆ ಸೇರಿಸಿಕೊಳ್ಳಿ ಎಂಬುದು ಅದರ ಒಕ್ಕಣೆ. ಕೆಲವು ಪತ್ರಗಳಲ್ಲಿ ಒಬ್ಬನ ಹೆಸರು ಬರೆದು 'ಅವನ ಕಡೆಯವರೊಂದಿಗೆ' ಎಂದು ಸೇರಿಸಲಾಗುತ್ತಿತ್ತೆಂದು ಸಿಪ್ರಿಯನ್ ಬೇಸರದಿಂದ ಬರೆದಿದ್ದಾನೆ. ಆ ಕಡೆಯವರು ಹತ್ತಾಗಬಹುದು, ಇಪ್ಪತ್ತಾಗಬಹುದು! ಹೀಗೆ ದೇವರನ್ನು ಬಿಟ್ಟದ್ದಕ್ಕೂ ಒಂದು ಚೀಟಿ, ದೇವರ ಬಳಿಗೆ ಮರಳುವುದಕ್ಕೂ ಒಂದು ಚೀಟಿ. ನಮ್ಮ ತರಗತಿಯ ಹುಡುಗನ ಪ್ರಶ್ನೆ ಲೂಥರನಿಗಿಂತ ಹನ್ನೆರಡು ಶತಮಾನಕ್ಕೂ ಹಳೆಯದು.

ಇನ್ನೊಂದು ತುದಿಯಲ್ಲಿ ರೋಮಿನ ನೊವೇಷಿಯನ್ ಇದ್ದ. ಬಲಿ ಕೊಟ್ಟವರನ್ನು ಎಂದಿಗೂ ಸೇರಿಸಬಾರದು, ಅವರ ವಿಚಾರವನ್ನು ದೇವರಿಗೇ ಬಿಡಬೇಕು ಎನ್ನುವುದು ಅವನ ಪಟ್ಟು. ದಾರಿತಪ್ಪಿದ ಮಗ ಮನೆಗೆ ಬಂದಾಗ ಔತಣಕ್ಕೆ ಬಾರದೆ ಹೊರಗೆ ನಿಂತ ಹಿರಿಯ ಮಗನನ್ನು ಅವನು ನೆನಪಿಸುತ್ತಾನೆ. ಅವನ ಅನುಯಾಯಿಗಳು ಪ್ರತ್ಯೇಕ ಸಭೆಯಾಗಿ ಶತಮಾನಗಳ ಕಾಲ ಉಳಿದರು. ಆ ಪಂಥದ ಬಿಷಪನೊಬ್ಬನಿಗೆ ಕಾನ್ಸ್ಟಂಟೈನ್ ಚಕ್ರವರ್ತಿ, ಹಾಗಾದರೆ ಒಂದು ಏಣಿ ಹಾಕಿಕೊಂಡು ನೀನೊಬ್ಬನೇ ಸ್ವರ್ಗಕ್ಕೆ ಹತ್ತು ಎಂಬರ್ಥದ ಮಾತು ಹೇಳಿದನೆಂದು ಐದನೆಯ ಶತಮಾನದ ಇತಿಹಾಸಕಾರ ಸಾಕ್ರೆಟಿಸ್ ಬರೆದಿಟ್ಟಿದ್ದಾನೆ.

251ರ ವಸಂತದಲ್ಲಿ ಕಾರ್ಥೇಜಿನಲ್ಲಿ ಕೂಡಿದ ಬಿಷಪರ ಸಭೆ ಎರಡು ತುದಿಗಳನ್ನೂ ಬಿಟ್ಟು ನಡುವಿನ ದಾರಿ ಹಿಡಿಯಿತು. ಚೀಟಿ ಮಾತ್ರ ಕೊಂಡವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳಬಹುದು. ಬಲಿ ಕೊಟ್ಟವರು ದೀರ್ಘ ಪ್ರಾಯಶ್ಚಿತ್ತದಲ್ಲಿರಬೇಕು. ಮರಣಕಾಲದಲ್ಲಿ ಅವರಿಗೂ ಕ್ಷಮೆ ನಿರಾಕರಿಸಬಾರದು. ಮತ್ತೆ ಹಿಂಸೆಯ ಮೋಡ ಕವಿದಾಗ ಪ್ರಾಯಶ್ಚಿತ್ತದಲ್ಲಿದ್ದ ಎಲ್ಲರನ್ನೂ ಸೇರಿಸಿಕೊಳ್ಳಲು ಸಭೆ ಒಪ್ಪಿತು. ನಿರಾಯುಧರನ್ನು ಯುದ್ಧಕ್ಕೆ ಕಳುಹಿಸಬಾರದಲ್ಲವೇ? ಮುಂದೆ 258ರ ಸೆಪ್ಟೆಂಬರ್ 14ರಂದು ಸಿಪ್ರಿಯನ್ ತಾನೇ ಶಿರಚ್ಛೇದಕ್ಕೆ ಗುರಿಯಾದ. ಈ ಸಲ ಅವನು ಓಡಿಹೋಗಲಿಲ್ಲ. ಅಡಗಿಕೊಂಡಿದ್ದವನು ಮುಂದೆ ಬಂದು ನಿಂತ ಆ ಎಂಟು ವರ್ಷಗಳ ದೂರ ನನಗೆ ಯಾವ ಪ್ರವಚನಕ್ಕಿಂತಲೂ ಹೆಚ್ಚನ್ನು ಹೇಳುತ್ತದೆ.

ಸಾಮಾನ್ಯರ ವಿಷಯ ಹೀಗಾಯಿತು. ರಾಜಾಧಿರಾಜನೇ ಪಾಪ ಮಾಡಿದರೆ? 390ರಲ್ಲಿ ಥೆಸಲೋನಿಕ ನಗರದಲ್ಲಿ ಜನಪ್ರಿಯ ರಥಿಕನೊಬ್ಬನನ್ನು ಸೆರೆಗೆ ಹಾಕಿದ್ದಕ್ಕಾಗಿ ದಂಗೆಯೆದ್ದು, ಸೇನಾಧಿಕಾರಿ ಬುಥೆರಿಕನ ಕೊಲೆಯಾಯಿತು. ಕುಪಿತನಾದ ಚಕ್ರವರ್ತಿ ಥಿಯೊಡೋಸಿಯಸನ ಆಜ್ಞೆಯಿಂದ ಸೈನಿಕರು ನಗರದಲ್ಲಿ ನರಮೇಧ ನಡೆಸಿದರು. ಸತ್ತವರು ಏಳು ಸಾವಿರ ಎನ್ನುತ್ತಾನೆ ಐದನೆಯ ಶತಮಾನದ ಬರಹಗಾರ ಥಿಯೊಡೊರೆಟ್. ಮಿಲಾನಿನ ಬಿಷಪ್ ಆಂಬ್ರೋಸ್ ಚಕ್ರವರ್ತಿಗೆ ಬರೆದ ಪತ್ರ ಇಂದಿಗೂ ಉಳಿದಿದೆ. ನೀನು ಉಪಸ್ಥಿತನಾಗಿದ್ದರೆ ನಾನು ಬಲಿಪೂಜೆ ಅರ್ಪಿಸಲಾರೆ ಎಂಬುದು ಅದರ ಸಾರ. ಚಕ್ರವರ್ತಿಯ ಉಡುಪನ್ನು ಬಿಟ್ಟು ಥಿಯೊಡೋಸಿಯಸ್ ಜನರ ನಡುವೆ ಬಹಿರಂಗವಾಗಿ ಪ್ರಾಯಶ್ಚಿತ್ತ ಮಾಡಿದ. ಆ ವರ್ಷದ ಕ್ರಿಸ್ಮಸ್ ಹೊತ್ತಿಗೆ ಅವನನ್ನು ಮರಳಿ ಸೇರಿಸಿಕೊಳ್ಳಲಾಯಿತು. ಬಹಿರಂಗವಾಗಿ ಮಾಡಿದ ಪಾಪಕ್ಕೆ ಬಹಿರಂಗವಾಗಿಯೇ ಪ್ರಾಯಶ್ಚಿತ್ತ ಎಂಬುದು ಅಂದಿನ ನಿಯಮ. ದಯವಿಟ್ಟು ಈ ನಿಯಮವನ್ನು ಓದುಗರು ನೆನಪಿನಲ್ಲಿಡಬೇಕು, ಮತ್ತೆ ಇದಕ್ಕೆ ಬರುತ್ತೇನೆ.

ಈ ಪುರಾತನ ಪ್ರಾಯಶ್ಚಿತ್ತ ಬಹು ಕಠಿಣವಾದದ್ದು. ಘೋರಪಾಪಗಳಿಗೆ ಜೀವಮಾನದಲ್ಲಿ ಒಮ್ಮೆ ಮಾತ್ರ ಅವಕಾಶ. ವರ್ಷಗಟ್ಟಲೆ ಸಭೆಯ ಅಂಚಿನಲ್ಲಿ ನಿಂತು, ಉಪವಾಸವಿದ್ದು, ಕೊನೆಗೆ ಪಾಸ್ಖಹಬ್ಬಕ್ಕೆ ಮುನ್ನ ಬಿಷಪನ ಕೈಯಿಂದ ಮರಳಿ ಸೇರ್ಪಡೆ. ಪರಿಣಾಮವಾಗಿ ಜನರು ಅದನ್ನು ಸಾವಿನ ಹಾಸಿಗೆಯವರೆಗೂ ಮುಂದೂಡತೊಡಗಿದರು. ಆರನೆಯ ಶತಮಾನದಲ್ಲಿ ಐರ್ಲೆಂಡಿನ ಸನ್ಯಾಸಿಗಳು ಬೇರೊಂದು ದಾರಿ ತೆರೆದರು. ಖಾಸಗಿಯಾಗಿ, ಒಬ್ಬ ಗುರುವಿನ ಮುಂದೆ, ಎಷ್ಟು ಬಾರಿ ಬಿದ್ದರೂ ಅಷ್ಟು ಬಾರಿ ಹೇಳಿಕೊಳ್ಳುವ ಪದ್ಧತಿ ಅದು. ಯಾವ ತಪ್ಪಿಗೆ ಎಷ್ಟು ದಿನ ರೊಟ್ಟಿ-ನೀರಿನ ಉಪವಾಸ ಎಂದು ಪಟ್ಟಿ ಮಾಡಿದ ಕೈಪಿಡಿಗಳನ್ನೂ ಅವರು ಬರೆದರು. ಮೇಲುನೋಟಕ್ಕೆ ದಂಡದ ದರಪಟ್ಟಿಯಂತೆ ಕಾಣುವ ಇವುಗಳಲ್ಲಿ ಆಶ್ಚರ್ಯಕರವಾದ ವಿವೇಕವಿದೆ. ಸಂತ ಕೊಲಂಬಾನಸ್‌ನ ಕೈಪಿಡಿಯ ಪ್ರಕಾರ, ಜಗಳದಲ್ಲಿ ನೆರೆಯವನನ್ನು ಗಾಯಗೊಳಿಸಿದವನು ಮೊದಲು ನಷ್ಟ ತುಂಬಿಕೊಡಬೇಕು. ಕೊಡಲು ಏನೂ ಇಲ್ಲದಿದ್ದರೆ ಗಾಯಾಳು ಮಲಗಿರುವಷ್ಟು ದಿನ ಅವನ ಕೆಲಸವನ್ನು ತಾನು ಮಾಡಿ, ವೈದ್ಯನನ್ನೂ ಕರೆತರಬೇಕು. ಅವನು ಗುಣವಾದ ಮೇಲೆ ನಲವತ್ತು ದಿನಗಳ ಉಪವಾಸ. ಮೊದಲು ನೆರೆಯವನ ಹೊಲ, ಆಮೇಲೆ ಉಪವಾಸ! ಕಸಿದುಕೊಂಡದ್ದನ್ನು ಹಿಂದಿರುಗಿಸಲು ಶಕ್ತಿಯಿದ್ದೂ ಹಿಂದಿರುಗಿಸದವನ ಪಶ್ಚಾತ್ತಾಪ ಬರಿಯ ನಟನೆ ಎಂಬರ್ಥದ ಮಾತನ್ನು ಸಂತ ಅಗಸ್ಟೀನ್ ಇದಕ್ಕೂ ಹಿಂದೆಯೇ ಒಂದು ಪತ್ರದಲ್ಲಿ ಹೇಳಿದ್ದ.

ಈ ಖಾಸಗಿ ಪಾಪನಿವೇದನೆಯೇ ಯುರೋಪಿನಾದ್ಯಂತ ಹರಡಿ, 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯಲ್ಲಿ ವರ್ಷಕ್ಕೊಮ್ಮೆಯಾದರೂ ಪ್ರತಿಯೊಬ್ಬ ವಯಸ್ಕ ಕ್ರೈಸ್ತನೂ ಪಾಲಿಸಬೇಕಾದ ನಿಯಮವಾಯಿತು. ಕೇಳಿದ ಗುಟ್ಟನ್ನು ಹೊರಗೆಡಹುವ ಗುರುವಿಗೆ ಕಠಿಣ ಶಿಕ್ಷೆಯನ್ನೂ ಆ ಸಭೆ ವಿಧಿಸಿತು. ನಮ್ಮ ಕರಾವಳಿಯ ಕೊಂಕಣಿ ಕ್ಯಾಥೊಲಿಕರು ಪಾಪನಿವೇದನೆಗೆ 'ಕುಮ್ಸಾರ್' ಎನ್ನುತ್ತಾರೆ. ಪೋರ್ಚುಗೀಸರ 'ಕೊನ್ಫೆಸ್ಸಾರ್' ಎಂಬ ಮಾತು ಗೋವೆಯ ನೀರು ಕುಡಿದು ಆದ ರೂಪವಿದು. ಮಂಗಳೂರಿನ ಕಡೆಯ ಅಜ್ಜಿಯ ಬಾಯಲ್ಲಿ ಈ ಪದ ಕೇಳಿದಾಗ ಲ್ಯಾಟರನ್ ಸಭೆ ಅಷ್ಟೇನೂ ದೂರವಿಲ್ಲ ಎನ್ನಿಸುತ್ತದೆ.

ಇನ್ನು ನಮ್ಮ ಪಠ್ಯಪುಸ್ತಕದ ಕ್ಷಮಾಪತ್ರಕ್ಕೆ ಬರೋಣ. ಇಲ್ಲಿ ನಾನೇ ವರ್ಷಗಟ್ಟಲೆ ಅರ್ಧಸತ್ಯ ಕಲಿಸಿದ್ದೇನೆಂದು ಒಪ್ಪಿಕೊಳ್ಳಬೇಕು. ಚರ್ಚಿನ ಸಿದ್ಧಾಂತದ ಪ್ರಕಾರ ಆ ಪತ್ರ ಪಾಪವನ್ನು ಕ್ಷಮಿಸುತ್ತಿರಲಿಲ್ಲ. ಪಶ್ಚಾತ್ತಾಪಪಟ್ಟು ಪಾಪನಿವೇದನೆ ಮಾಡಿ ಕ್ಷಮೆ ಪಡೆದವನಿಗೆ, ಉಳಿದ ತಾತ್ಕಾಲಿಕ ಶಿಕ್ಷೆಯಲ್ಲಿ ರಿಯಾಯಿತಿ ಮಾತ್ರ ಅದು. ಆದರೆ ಪೇಟೆಯಲ್ಲಿ ನಿಂತು ಮಾರುವವನಿಗೆ ಇಷ್ಟು ಸೂಕ್ಷ್ಮ ಏಕೆ ಬೇಕು? ಮೈನ್ಜ್ ನಗರದ ಆರ್ಚ್‌ಬಿಷಪ್ ಆಲ್ಬ್ರೆಕ್ಟ್ ತನ್ನ ಪದವಿಗಾಗಿ ಫುಗ್ಗರ್ ಎಂಬ ಸಾಹುಕಾರ ಮನೆತನದಿಂದ ಸಾಲ ಮಾಡಿದ್ದ. ಪತ್ರದ ಹಣದಲ್ಲಿ ಅರ್ಧ ರೋಮಿನ ಸಂತ ಪೇತ್ರರ ಮಹಾಲಯದ ಕಟ್ಟಡಕ್ಕೆ, ಅರ್ಧ ಆ ಸಾಲದ ತೀರುವಳಿಗೆ. ಟೆಟ್ಜೆಲ್ ಎಂಬ ಪ್ರಚಾರಕ ಊರೂರು ತಿರುಗಿ ಪತ್ರ ಮಾರಿದ. 1517ರ ಅಕ್ಟೋಬರ್ 31ರಂದು ವಿಟನ್‌ಬರ್ಗಿನ ಪ್ರಾಧ್ಯಾಪಕ ಮಾರ್ಟಿನ್ ಲೂಥರ್ ತನ್ನ ತೊಂಬತ್ತೈದು ವಾದಗಳನ್ನು ಆ ಆರ್ಚ್‌ಬಿಷಪನಿಗೆ ಕಳುಹಿಸಿದ. ಅವುಗಳಲ್ಲಿ ಮೊದಲನೆಯದು ಹಣದ ಮಾತನ್ನೇ ಎತ್ತುವುದಿಲ್ಲ. ವಿಶ್ವಾಸಿಯ ಇಡೀ ಬಾಳೇ ಪಶ್ಚಾತ್ತಾಪವಾಗಬೇಕು ಎಂಬುದೇ ಅದರ ಅಭಿಪ್ರಾಯ. ಇಡೀ ಬಾಳಿಗೆ ಚೀಟಿ ಬರೆಯುವುದೆಂತು?

ಅಲ್ಲಿಂದ ಮುಂದೆ ದಾರಿಗಳು ಕವಲೊಡೆದವು. ಲೂಥರನ ಅನುಯಾಯಿಗಳು 1530ರ ಆಗ್ಸ್‌ಬರ್ಗ್ ನಿವೇದನೆಯಲ್ಲಿ ಖಾಸಗಿ ಪಾಪನಿವೇದನೆಯನ್ನು ಉಳಿಸಿಕೊಂಡರು. ಎಲ್ಲ ಪಾಪಗಳನ್ನೂ ಎಣಿಸಿ ಹೇಳಬೇಕೆಂಬ ನಿರ್ಬಂಧವನ್ನು ಮಾತ್ರ ಬಿಟ್ಟರು. ಕ್ಯಾಥೊಲಿಕ್ ಸಭೆ 1551ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ತನ್ನ ನಿಲುವನ್ನು ಸ್ಪಷ್ಟಪಡಿಸಿತು: ಹೃತ್ಪೂರ್ವಕ ಪಶ್ಚಾತ್ತಾಪ, ಬಾಯಿಬಿಟ್ಟು ನಿವೇದನೆ, ಕಾರ್ಯರೂಪದ ಪರಿಹಾರ ಎಂಬ ಮೂರೂ ಸೇರಬೇಕು. ಪ್ರೊಟೆಸ್ಟೆಂಟರಲ್ಲಿ ಬಹುಮಂದಿಗೆ ನಡುವೆ ಗುರುವಿಲ್ಲದೆ ನೇರವಾಗಿ ದೇವರ ಮುಂದೆ ಮನಸ್ಸು ತೆರೆಯುವುದೇ ಕ್ರಮವಾಯಿತು. ಯಾವುದು ಸರಿ ಎಂದು ಹೇಳಲು ನಾನು ಯಾರು? ಆದರೆ ದೇವರೊಡನೆ ನೇರವಾಗಿ ಮಾತಾಡಿ ಮುಗಿಸಿದೆನೆಂಬ ನೆಮ್ಮದಿಯಲ್ಲಿ ಒಂದು ಅಪಾಯವಿದೆ ಎಂಬುದನ್ನು ಒಬ್ಬ ವ್ಯಕ್ತಿಯ ಬಾಳು ತೋರಿಸಿಕೊಟ್ಟಿದೆ.

ಆತ ಇಂಗ್ಲೆಂಡಿನ ಜಾನ್ ನ್ಯೂಟನ್. ಜನನ 1725. ಹಡಗಿನ ಕೆಲಸಗಾರ, ಬಾಯಿತೆರೆದರೆ ದೇವದೂಷಣೆ. 1748ರ ಮಾರ್ಚಿಯಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಲುಕಿ ಹಡಗು ಮುಳುಗುವಂತಾದಾಗ ಅವನ ಬಾಯಿಂದ ಪ್ರಾರ್ಥನೆ ಹೊರಟಿತು. ಬದುಕಿದ. ಆ ದಿನವನ್ನು ಕೊನೆಯವರೆಗೂ ತನ್ನ ಹೊಸ ಬಾಳಿನ ಆರಂಭವೆಂದು ಸ್ಮರಿಸುತ್ತಿದ್ದ. ಕ್ರೈಸ್ತ ನಂಬಿಕೆಯಂತೆ ದೇವರೊಡನೆ ಅವನ ಸಂಬಂಧ ಮತ್ತೆ ಕೂಡಿತು. ಆದರೆ ಅನಂತರ ಅವನು ಮಾಡಿದ್ದೇನು? ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾದ! ಮೇಲ್ಮಹಡಿಯಲ್ಲಿ ನಾವಿಕರನ್ನು ಕೂಡಿಸಿಕೊಂಡು ಪ್ರಾರ್ಥನೆ, ಕೆಳಗಿನ ಅಟ್ಟದಲ್ಲಿ ಸಂಕೋಲೆ ತೊಟ್ಟ ಆಫ್ರಿಕದ ಗಂಡಸರು, ಹೆಂಗಸರು, ಮಕ್ಕಳು. 1754ರಲ್ಲಿ ಆ ಕೆಲಸ ಬಿಟ್ಟದ್ದು ಅನಾರೋಗ್ಯದಿಂದ, ಪಶ್ಚಾತ್ತಾಪದಿಂದಲ್ಲ. 1764ರಲ್ಲಿ ಓಲ್ನಿ ಎಂಬ ಊರಿನಲ್ಲಿ ಪಾದ್ರಿಯಾದ. ಇಂದು ಜಗತ್ತೆಲ್ಲ ಹಾಡುವ 'ಅಮೇಜಿಂಗ್ ಗ್ರೇಸ್' ಗೀತೆ 1773ರ ಹೊಸವರ್ಷದ ದಿನದ ಪ್ರವಚನಕ್ಕಾಗಿ ಅವನು ರಚಿಸಿದ್ದು. ಆಗಲೂ ಗುಲಾಮರ ವಿಷಯವಾಗಿ ಬಹಿರಂಗವಾಗಿ ಒಂದು ಮಾತಿಲ್ಲ.

ಆ ಮಾತು ಬಂದದ್ದು 1788ರಲ್ಲಿ. ಹಡಗು ಬಿಟ್ಟು ಮೂವತ್ತನಾಲ್ಕು ವರ್ಷ, ಬಿರುಗಾಳಿಯ ರಾತ್ರಿ ಕಳೆದು ನಲವತ್ತು ವರ್ಷ. ಆಫ್ರಿಕದ ಗುಲಾಮರ ವ್ಯಾಪಾರವನ್ನು ಕುರಿತ ಒಂದು ಕಿರುಹೊತ್ತಗೆ ಬರೆದು, ತಾನು ಕಣ್ಣಾರೆ ಕಂಡದ್ದನ್ನೂ ಕೈಯಾರೆ ಮಾಡಿದ್ದನ್ನೂ ಹೇಳಿದ. ಈ ನಿವೇದನೆ ಬಹಳ ತಡವಾಯಿತೆಂದೂ, ನನ್ನ ಹೃದಯ ಈಗ ನಡುಗುವಂತಹ ವ್ಯಾಪಾರದಲ್ಲಿ ನಾನೂ ಸಾಧನವಾಗಿದ್ದೆನೆಂಬುದು ಜೀವಮಾನವಿಡೀ ತನ್ನನ್ನು ತಲೆತಗ್ಗಿಸುವಂತೆ ಮಾಡುತ್ತದೆಂದೂ ಒಪ್ಪಿಕೊಂಡ. ಅಧಿಕಾರಿಗಳ ಸಮಿತಿಯ ಮುಂದೆಯೂ ಸಂಸತ್ತಿನ ವಿಚಾರಣೆಯಲ್ಲಿಯೂ ಸಾಕ್ಷಿ ನುಡಿದ. 1807ರ ಮಾರ್ಚಿಯಲ್ಲಿ ಬ್ರಿಟಿಷ್ ಸಂಸತ್ತು ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ಅದೇ ಡಿಸೆಂಬರಿನಲ್ಲಿ ನ್ಯೂಟನ್ ತೀರಿಕೊಂಡ. ಅವನು ಸಾಗಿಸಿದ ಒಬ್ಬ ಮನುಷ್ಯನೂ ಆ ಪುಸ್ತಕ ಓದಿರಲಾರ. ಕ್ಷಮಿಸಬೇಕಾದವರು ಕೆರಿಬಿಯನ್ ಕಬ್ಬಿನ ತೋಟಗಳಲ್ಲಿ ಎಂದೋ ಮಣ್ಣಾಗಿದ್ದರು. ಹಾಗೆಂದು ಬರೆದದ್ದು ವ್ಯರ್ಥವೇ? ಅಲ್ಲ. ಆದರೆ ದೇವರು ನಲವತ್ತು ವರ್ಷ ಕಾದನೆಂದು ಮನುಷ್ಯರೂ ಕಾಯಲಾರರು.

ಬಹಿರಂಗ ನಿವೇದನೆಯ ಪ್ರಾಚೀನ ಪದ್ಧತಿ ಸಂಪೂರ್ಣ ಅಳಿದಿಲ್ಲ ಎನ್ನುವುದಕ್ಕೆ ನಮ್ಮ ಕಾಲದಲ್ಲಿಯೂ ಉದಾಹರಣೆಗಳಿವೆ. 2000ದ ಮಾರ್ಚ್ 12ರಂದು ಪೋಪ್ ಎರಡನೆಯ ಜಾನ್ ಪಾಲ್ ರೋಮಿನ ಸಂತ ಪೇತ್ರರ ಮಹಾಲಯದಲ್ಲಿ, ಸಭೆಯ ಮಕ್ಕಳು ಶತಮಾನಗಳಲ್ಲಿ ಎಸಗಿದ ತಪ್ಪುಗಳಿಗಾಗಿ ದೇವರ ಕ್ಷಮೆ ಬೇಡಿದರು. 2006ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಮಹಾಸಮಿತಿ, ಗುಲಾಮಗಿರಿಯಿಂದ ತಾನು ಲಾಭ ಪಡೆದದ್ದಕ್ಕಾಗಿ ಕ್ಷಮೆ ಕೋರಲು ನಿರ್ಣಯಿಸಿತು.

ಈಗ ನನ್ನ ಸಾಲ ತೀರಿಸಬೇಕು. 1971ರಲ್ಲಿ ನಾನು ಕರಾವಳಿಯ ಒಂದು ಊರಿನ ಶಾಲೆಯಲ್ಲಿ ಹೊಸ ಅಧ್ಯಾಪಕ. ಬೇಲೂರು-ಹಳೇಬೀಡಿನ ಪ್ರವಾಸಕ್ಕೆ ಮಕ್ಕಳಿಂದ ಹಣ ಸಂಗ್ರಹವಾಗಿತ್ತು. ಸಂಗ್ರಹಿಸಿ ತಂದವನು ತರಗತಿಯ ನಾಯಕ, ಒಂಬತ್ತನೆಯ ತರಗತಿಯ ಹುಡುಗ, ತಂದೆಯಿಲ್ಲದವನು. ಎಣಿಸಿದಾಗ ನಲವತ್ತು ರೂಪಾಯಿ ಕಡಿಮೆ. ಅವನು ಎಲ್ಲವನ್ನೂ ಕೊಟ್ಟಿದ್ದೇನೆ ಎಂದ. ನಾನು ಇಡೀ ತರಗತಿಯ ಮುಂದೆ ಅವನನ್ನು ಕಳ್ಳ ಎಂದು ಕರೆದೆ, ಬೆತ್ತವನ್ನೂ ಎತ್ತಿದೆ. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ಸೋದರಮಾವನೊಡನೆ ಮುಂಬಯಿಗೆ ಹೋಗಿ ಹೋಟೆಲು ಸೇರಿದನೆಂದು ತಿಳಿಯಿತು. ತಿಂಗಳ ಕೊನೆಯಲ್ಲಿ ಹಾಜರಿ ಪುಸ್ತಕದ ಲೆಕ್ಕ ಕೂಡಿಸುವಾಗ, ಅದಕ್ಕೆ ನಾನೇ ಹಾಕಿದ್ದ ಕಂದು ಕಾಗದದ ಹೊದಿಕೆಯ ಒಳಗಿನಿಂದ ಹತ್ತು ರೂಪಾಯಿಯ ನಾಲ್ಕು ನೋಟುಗಳು ಜಾರಿ ಬಿದ್ದವು. ಭದ್ರವಾಗಿರಲೆಂದು ಅಲ್ಲಿ ಇಟ್ಟವನು ನಾನೇ.

ನಾನು ಯಾರಿಗೂ ಹೇಳಲಿಲ್ಲ. ಬೆಳಗ್ಗೆ ಸಂಜೆ ದೇವರ ಮುಂದೆ ತಪ್ಪಾಯಿತೆಂದು ಕೈಮುಗಿದೆ. ಮನಸ್ಸು ಹಗುರಾದಂತೆಯೂ ಆಯಿತು. ಮೂರು ವರ್ಷ ಹೀಗೆಯೇ ಕಳೆದು, ಆ ಇನ್ನೊಬ್ಬ ಹುಡುಗ ಚೀಟಿಯ ಪ್ರಶ್ನೆ ಕೇಳಿದ ದಿನ, ನನ್ನ ಸಂಜೆಯ ಪ್ರಾರ್ಥನೆಯೂ ಒಂದು ಬಗೆಯ ಚೀಟಿಯೇ ಆಗಿದೆ ಎಂದು ಹೊಳೆಯಿತು. ನಮ್ಮ ಡ್ರಾಯಿಂಗ್ ಮಾಸ್ಟರು ಮಂಗಳೂರಿನ ಕ್ಯಾಥೊಲಿಕರು, ನನಗಿಂತ ಹಿರಿಯರು. ಅದು ಅವರ ತಪಸ್ಸುಕಾಲ. ಕುಮ್ಸಾರಿಗೆ ಹೊರಟಿದ್ದ ಅವರಲ್ಲಿ ದಾರಿಯಲ್ಲಿ ಎಲ್ಲವನ್ನೂ ಹೇಳಿಕೊಂಡೆ. ಅವರು ಸ್ವಲ್ಪ ದೂರ ಸುಮ್ಮನೆ ನಡೆದು, "ನಮ್ಮ ಪಾದ್ರಿಗಳಾದರೆ ಮೊದಲು ಕೇಳುವುದು, ತೆಗೆದದ್ದನ್ನು ಹಿಂದಕ್ಕೆ ಕೊಟ್ಟೆಯೋ ಇಲ್ಲವೋ ಎಂದು. ನೀವು ಅವನಿಂದ ತೆಗೆದದ್ದು ಹಣವಲ್ಲ ಮಾರಾಯರೇ, ಹೆಸರು. ಎಲ್ಲಿ ತೆಗೆದಿರೋ ಅಲ್ಲಿಯೇ ಕೊಡಬೇಕು" ಎಂದರು.

ಆ ಭಾನುವಾರ ಹುಡುಗನ ಮನೆಗೆ ಹೋದೆ. ತಾಯಿ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ತಪ್ಪು ನನ್ನದೆಂದು ಹೇಳಿ ಕೈಮುಗಿದೆ. ಅವರು ಸೂಪಿನಿಂದ ತಲೆಯೆತ್ತದೆ, "ನನ್ನ ಮಗ ಕದಿಯಲಿಲ್ಲ ಎಂದು ನನಗೆ ಅವತ್ತೇ ಗೊತ್ತಿತ್ತು ಮಾಸ್ಟ್ರೇ. ನನಗೆ ಹೇಳಿ ಏನು ಪ್ರಯೋಜನ? ಶಾಲೆಯಲ್ಲಿ ಹೇಳಬೇಕಿತ್ತು" ಎಂದರು. ಹೊರಡುವಾಗ ಕುಡಿಯಲು ನೀರು ಬೆಲ್ಲ ತಂದಿಟ್ಟರು. ಮುಂಬಯಿಯ ವಿಳಾಸವನ್ನೂ ಕೊಟ್ಟರು. ನಾನು ಅವನಿಗೆ ನಾಲ್ಕು ಪುಟಗಳ ಪತ್ರ ಬರೆದೆ. ಎರಡು ತಿಂಗಳ ನಂತರ ಒಂದು ಅಂಚೆ ಕಾರ್ಡು ಬಂತು. ಪತ್ರ ತಲುಪಿತು, ನಾನು ಕ್ಷೇಮ, ಎಂದು ಎರಡೇ ಸಾಲು. ಕ್ಷಮೆಯ ಮಾತು ಅದರಲ್ಲಿರಲಿಲ್ಲ. ಅದನ್ನು ಕೇಳಿ ಪಡೆಯುವ ಹಕ್ಕು ನನಗಿಲ್ಲವೆಂದು ಸುಮ್ಮನಾದೆ. ಕಾರ್ಡು ಇಂದಿಗೂ ನನ್ನ ಬಳಿ ಇದೆ. ಅದು ಕ್ಷಮಾಪತ್ರವಲ್ಲ.

ಕೃಪೆ ಮೊದಲೋ ಪರಿಹಾರ ಮೊದಲೋ ಎಂಬುದನ್ನು ಕ್ರೈಸ್ತ ಪಂಡಿತರು ಚರ್ಚಿಸುತ್ತಲೇ ಇದ್ದಾರೆ. ಇಷ್ಟು ಓದಿದ ಮೇಲೆ ನನಗೆ ತೋರುವುದು ಇಷ್ಟು: ತಂದೆ ಓಡಿಬಂದು ಅಪ್ಪಿಕೊಂಡದ್ದು ನಿಜವಾದರೆ, ಅಪ್ಪಿಕೊಂಡ ಆ ಧೈರ್ಯದಿಂದಲೇ ಮನುಷ್ಯ ನೊಂದವನ ಬಾಗಿಲಿಗೆ ಹೋಗಬಲ್ಲ. ಜಕ್ಕಾಯನೂ ನಾಲ್ಕರಷ್ಟು ಕೊಟ್ಟ ಮೇಲೆ ಯೇಸು ಅವನ ಮನೆಗೆ ಬಂದದ್ದಲ್ಲ. ಬಂದ ಮೇಲೆ ಅವನು ಕೊಟ್ಟದ್ದು. ಹೋಗದೆ ಮನೆಯಲ್ಲೇ ಕುಳಿತವನ ಪ್ರಾರ್ಥನೆ, ನನ್ನ ಮೂರು ವರ್ಷಗಳ ಪ್ರಾರ್ಥನೆಯಂತೆ, ತನ್ನನ್ನು ತಾನೇ ಕ್ಷಮಿಸಿಕೊಂಡ ಚೀಟಿ.

ಡ್ರಾಯಿಂಗ್ ಮಾಸ್ಟರೂ ಆ ತಾಯಿಯೂ ಹೇಳಿದ ಕೆಲಸವನ್ನು ನಾನು ಅಂದು ಮಾಡಲಿಲ್ಲ. ಅಷ್ಟರಲ್ಲಿ ಆ ತರಗತಿಯ ಮಕ್ಕಳು ಶಾಲೆ ಬಿಟ್ಟು ಚದುರಿಹೋಗಿದ್ದರು ಎಂಬ ನೆಪ ನನಗೆ ಸಿಕ್ಕಿತ್ತು. ಅವರಲ್ಲಿ ಕೆಲವರು ಈ ಬರಹಗಳನ್ನು ಓದುತ್ತಾರೆಂದು ಬಲ್ಲೆ. ಮಕ್ಕಳೇ, ನೀವೀಗ ಅಜ್ಜ ಅಜ್ಜಿಯರಾಗಿದ್ದೀರಿ. 1971ರಲ್ಲಿ ನಿಮ್ಮೆಲ್ಲರ ಎದುರು ನಾನು ಕಳ್ಳನೆಂದು ಕರೆದ ನಿಮ್ಮ ಸಹಪಾಠಿ ಹಣ ತೆಗೆದಿರಲಿಲ್ಲ. ಅದು ನನ್ನ ಹಾಜರಿ ಪುಸ್ತಕದಲ್ಲಿತ್ತು.